ಲಿಂಗ ಕರಡಿಗೆಗೆ ಸೇರುವ ಮುಂಚೆ

ಚಿತ್ರದುರ್ಗ, ದಾವಣಗೆರೆ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ಇಷ್ಟಲಿಂಗ ಪೂಜೆ ಇಂದಿಗೂ ತಪ್ಪಿಲ್ಲ. ವಿಭೂತಿ, ಪತ್ರೆ, ಮಂತ್ರ ಎಲ್ಲ ಆಗುತ್ತದೆ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ, ಅಂದರೆ ಅದರ ಪುಟ್ಟ ಪೆಟ್ಟಿಗೆಗೆ, ಸೇರಿಸಿ ಎದ್ದುಬಿಡುತ್ತಾರೆ. ಲಿಂಗದಲ್ಲಿ ದೃಷ್ಟಿಯಿಟ್ಟು ಮಾಡುವ ಧ್ಯಾನ, ಶಿವಯೋಗ, ಶುರುವಾಗಬೇಕಾದದ್ದೇ ಆ ಹೊತ್ತಿಗೆ. ಇನ್ನೊಂದು 20 ನಿಮಿಷ ಕೂರಿ ಎಂಬುದು ನನ್ನ ಕಳಕಳಿಯ ಮಾತು.

ಎಡ ಅಂಗೈಯಲ್ಲಿ ಲಿಂಗ, ಕಣ್ಣಿನಿಂದ ಸುಮಾರು 10 ಅಂಗುಲ ದೂರ. ಮೊಣಕೈಗೆ ಬಲಗೈಯ ಆಸರೆ. ದೀಪ ಬೆನ್ನ ಹಿಂದೆ ಒಂದು ಪಕ್ಕಕ್ಕಿದ್ದರೆ ಲಿಂಗದ ಹೊರಲೇಪವಾದ ಕಂತಿಯ ಕಪ್ಪು ಮೈಮೇಲೆ ಬೆಳಕಿನ ಬಿಂದು ಮೂಡುತ್ತದೆ. ದೃಷ್ಟಿ ಅಲ್ಲಿರಲಿ. ಅನಿಮಿಷ ದೃಷ್ಟಿ ಎಂದು ಕಣ್ಣು ಉರಿಯುವವರೆಗೆ ರೆಪ್ಪೆ ತಡೆಹಿಡಿಯಬೇಡಿ; ನೀರು ಬಂದರೆ ಮುಚ್ಚಿ, ಮತ್ತೆ ತೆರೆಯಿರಿ. ಗ್ಲಾಕೋಮಾ, ರೆಟಿನಾ ತೊಂದರೆ ಇದ್ದವರು ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಸ್ವಲ್ಪ ಹೊತ್ತಿಗೆ ಬಿಂದುವಿನ ಸುತ್ತ ಬಣ್ಣದ ಅಂಚು ಕಾಣಬಹುದು, ಸುತ್ತಲಿನದೆಲ್ಲ ಮಾಸಿಹೋದಂತಾಗಬಹುದು. ನೋಟ ಕದಲದಿದ್ದಾಗ ದೃಷ್ಟಿಯ ನರವ್ಯೂಹ ಆ ದೃಶ್ಯಕ್ಕೆ ಒಗ್ಗಿಹೋಗುವುದರಿಂದ ಹೀಗಾಗುತ್ತದೆ. ಇದನ್ನೇ ಸಾಕ್ಷಾತ್ಕಾರವೆಂದು ನಂಬಿ ಅಲ್ಲೇ ನಿಲ್ಲುವವರನ್ನು ಕಂಡರೆ ಮರುಕವಾಗುತ್ತದೆ.

ಅರ್ಧ ಸಮಯ ಕಳೆದ ಮೇಲೆ ಕಣ್ಣು ಬಿಂದುವಿನಲ್ಲೇ ಇರಲಿ, ಗಮನವನ್ನಷ್ಟೇ ಹಿಂದಕ್ಕೆ ತನ್ನಿ. ಲಿಂಗ ಕಾಣುತ್ತಿದೆ. ಕೈ ಸೋತದ್ದು ತಿಳಿಯುತ್ತಿದೆ. 'ಇವತ್ತು ಚೆನ್ನಾಗಿ ಕೂತೆ' ಎಂಬ ಯೋಚನೆಯೂ ತಿಳಿಯುತ್ತಿದೆ. ಯಾರಿಗೆ? ಬಾಯಿಮಾತಿನ ಉತ್ತರ ಬೇಡ. ಹೆಚ್ಚಿನವರಿಗೆ ಇಲ್ಲಿ, ಹುಬ್ಬಿನ ಹಿಂದೆ ಯಾರೋ ಕೂತು ನೋಡುತ್ತಿರುವಂತೆ ಅನಿಸುತ್ತದೆ. ಅದೇ ಸಾಕ್ಷಿ, ಎಲ್ಲವನ್ನೂ ನೋಡುವ ಅರಿವು ಎಂದು ಹಿಡಿದರೆ ಸಾಧನೆ ಅಲ್ಲಿಗೇ ನಿಂತಿತು. ಪರೀಕ್ಷಿಸಿ: ಅದಕ್ಕೊಂದು ಜಾಗವಿದೆ, ಬಿಗಿತವಿದೆ. ಅವು ತಿಳಿಯುತ್ತಿವೆಯೆಂದರೆ ಅದೂ ಕಾಣುವ ದೃಶ್ಯವೇ, ನೋಡುವ ದ್ರಷ್ಟೃವಲ್ಲ. ಹಣೆ, ದವಡೆ ಸಡಿಲಿಸಿ, ಬಹುಪಾಲು ಕರಗುತ್ತದೆ. ಉಳಿದದ್ದನ್ನು ಲಿಂಗ ನೋಡಿದಷ್ಟೇ ನಿರಾಳವಾಗಿ ನೋಡಿ. ಈಗ ಇಲ್ಲಿ ನಾನು, ಅಲ್ಲಿ ಲಿಂಗ ಎನ್ನುವ ಗೆರೆ ಎಲ್ಲಿದೆಯೆಂದು ಹುಡುಕಿ.

ಶಂಕರರ ಹಾದಿಯಲ್ಲಿ ದೃಶ್ಯವನ್ನು ಮಿಥ್ಯೆಯೆಂದು ಬಿಡುತ್ತಾರೆ. ಶರಣರ ಹಾದಿಯಲ್ಲಿ ಲಿಂಗವನ್ನು ಬಿಡುವುದಿಲ್ಲ, ಅಂಗ (ಸಾಧಕನ ಜೀವ), ಲಿಂಗ ಎರಡೂ ಸಮರಸವಾಗುತ್ತವೆ. ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದಲ್ಲಿ ಕೊನೆಯದು ಐಕ್ಯ.

ಮಂಪರನ್ನು ಶರಣರು ಹೇಳುವ ಶೂನ್ಯ, ಭೇದವಳಿದ ಸ್ಥಿತಿ ಎಂದು ತಿಳಿಯಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಯಲ್ಲಿ ಟಾರ್ಚ್ ಆರಿಸಿದರೂ 'ಕತ್ತಲೆ' ಎಂಬ ಅರಿವು ಆರುವುದಿಲ್ಲ. ಮಂಪರಿನಲ್ಲಿ ಆ ಅರಿವೇ ಮಂಕಾಗುತ್ತದೆ. ಬೆನ್ನು ನೆಟ್ಟಗೆ ಮಾಡಿ, ದೀಪ ಹೆಚ್ಚಿಸಿ, ಉಪಾಹಾರಕ್ಕೆ ಮುಂಚೆಯೇ ಕೂರಿ. ಜಗತ್ತೇ ನಿಜವಲ್ಲವೆಂಬ ದಿಗಿಲು ಎದ್ದ ಮೇಲೂ ಉಳಿದರೆ ಅಭ್ಯಾಸ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ.