ಆಂಗ್ರೋನ್ಯಾ ಕಣಿವೆಯಲ್ಲಿ ಬಾಯಿಪಾಠದ ಮಾತು

ಇಟಲಿಯ ಟೊರಿನೊ ಬಿಟ್ಟು ಪಿನೆರೋಲೊ ದಾಟಿದರೆ ಬಯಲು ಮುಗಿದು ಆಲ್ಪ್ಸ್ ಎದುರಿಗೇ ಬಂದು ನಿಲ್ಲುತ್ತದೆ. ದೊಡ್ಡಮ್ಮನ ಮಗನಿಗೆ ಟೊರಿನೊದಲ್ಲಿ ಕೆಲಸ. ಅವನನ್ನು ನೋಡಲು ಹೋದ ನಮಗೆ ಮಿಲಾನೊ ತೋರಿಸುವ ಆಸೆ ಅವನದು. ದೊಡ್ಡಮ್ಮ ಕೇಳಬೇಕಲ್ಲ! ಮಂಗಳೂರಿನಲ್ಲಿ ಎಷ್ಟೋ ವರ್ಷದಿಂದ ಸಂಡೇ ಸ್ಕೂಲ್ ಟೀಚರ್ ಅವರು. "ಬೈಬಲ್ ಬಾಯಿಪಾಠ ಮಾಡಿದವರ ಊರು ನೋಡದೆ ವಾಪಸ್ ಬರಲ್ಲ" ಅಂದುಬಿಟ್ಟರು.

ಆ ಊರಿನವರು ವಾಲ್ಡೆನ್ಸಿಯನ್ನರು. 12ನೇ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ವ್ಯಾಪಾರಿ ವಾಲ್ಡೊ, ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಜನರ ಮಾತಿಗೆ ತರಿಸಿದ. ಅವನ ಹಿಂದೆ ಹೋದ ಇವರನ್ನು ಕ್ಯಾಥೊಲಿಕ್ ಚರ್ಚು ಹೊರಗೆ ಹಾಕಿತು. ಜನಸಾಮಾನ್ಯರ ಕೈಯಲ್ಲಿ ಬೈಬಲ್ ಇರಕೂಡದು ಅಂತ 1229ರಲ್ಲಿ ತುಲೂಸ್‌ನಲ್ಲಿ ಕಟ್ಟಳೆಯೂ ಆಯಿತು. ಪುಸ್ತಕವನ್ನು ಕಿತ್ತುಕೊಳ್ಳಬಹುದು, ಸುಡಬಹುದು. ತಲೆಯಲ್ಲಿ ಇರುವುದನ್ನು ಏನು ಮಾಡುತ್ತಾರೆ? 1260ರ ಸುಮಾರಿಗೆ ಜರ್ಮನಿಯ ಪಾಸ್ಸೌ ಕಡೆಯ ಪಾದ್ರಿಯೊಬ್ಬ, ಬೈಬಲಿನ ಯೋಬನ ಪುಸ್ತಕವನ್ನು ಪದ ಬಿಡದೆ ಒಪ್ಪಿಸಿದ ಹಳ್ಳಿಗನನ್ನು ಕಂಡೆ ಎಂದು ಬರೆದಿದ್ದಾನೆ. ಯೋಬನಲ್ಲಿ 42 ಅಧ್ಯಾಯ! ಬರೆದವನು ಇವರನ್ನು ಹೊಗಳಲು ಹೊರಟವನಲ್ಲ, ಇವರ ವಿರೋಧಿ. ಅದಕ್ಕೇ ನನಗೆ ಆ ಮಾತಿನ ಮೇಲೆ ನಂಬಿಕೆ ಜಾಸ್ತಿ.

ತೊರ್ರೆ ಪೆಲ್ಲಿಚೆಯಿಂದ ಆಂಗ್ರೋನ್ಯಾ ಕಣಿವೆಗೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ದಾರಿಯಲ್ಲಿ ಒಂದು ಗುಹೆ ಇದೆ. ಕದ್ದು ಆರಾಧನೆ ಮಾಡುತ್ತಿದ್ದ ಜಾಗ ಅಂತ ಹೇಳುತ್ತಾರೆ. ಬಗ್ಗಿ, ಕೈಯೂರಿ ನುಸುಳಬೇಕು. "ನೀನು ಹೋಗಿ ಬಾ ಮಗಾ, ನನ್ನ ಮಂಡಿ ಕೇಳಲ್ಲ" ಅಂತ ದೊಡ್ಡಮ್ಮ ಹೊರಗೇ ಕೂತರು. ಒಳಗೆ ತಣ್ಣಗಿದೆ. ಮೇಲಿನ ಬಿರುಕಿನಿಂದ ಒಂದಿಷ್ಟು ಬೆಳಕು ಬೀಳುತ್ತದೆ, ಅಕ್ಷರ ಓದಲು ಸಾಲದು. ಇಲ್ಲಿ ಸೇರಿದವರಿಗೆ ವಾಕ್ಯ ಬಾಯಲ್ಲೇ ಇರಬೇಕಿತ್ತು, ಅಲ್ವಾ?

ಕಣಿವೆಯ ತುದಿಯಲ್ಲಿ ಪ್ರಾದೆಲ್ತೋರ್ನೊ. ಅಲ್ಲೊಂದು ಕಲ್ಲಿನ ಮನೆ, ಒಳಗೆ ಕಲ್ಲಿನ ಮೇಜು. 'ಬಾರ್ಬಾ' ಎಂಬ ಊರೂರು ತಿರುಗುವ ಬೋಧಕರು ಇಲ್ಲೇ ಕಲಿತರು ಅನ್ನುವುದು ಊರಿನವರ ನಂಬಿಕೆ. ಅವರ ಕಲಿಕೆ ಹೇಗಿತ್ತು ಅಂತ ಮೊರೆಲ್ ಎಂಬ ಬಾರ್ಬಾನೇ 1530ರಲ್ಲಿ ಬರೆದಿಟ್ಟಿದ್ದಾನೆ. ಬರುವವರು ಕುರಿ ಕಾಯುವವರು, ರೈತರು. ಚಳಿಗಾಲದ ಎರಡು ಮೂರು ತಿಂಗಳು, ಹೀಗೆ ಮೂರು ನಾಲ್ಕು ವರ್ಷ. ಮತ್ತಾಯ, ಯೋಹಾನ ಸುವಾರ್ತೆ ಪೂರ್ತಿ, ಜೊತೆಗೆ ಅಪೊಸ್ತಲರ ಪತ್ರಗಳು, ಎಲ್ಲ ಬಾಯಿಪಾಠ. ಆಮೇಲೆ ಹಿರಿಯನೊಬ್ಬ, ಕಿರಿಯನೊಬ್ಬ ಜೋಡಿಯಾಗಿ ಹೊರಡುತ್ತಿದ್ದರು.

ಆ ಮೇಜಿನ ಮುಂದೆ ನನಗೆ ಹೊಳೆದದ್ದು ಇದು. ವಚನಗಳಿಗೆ ನಂಬರ್ ಇರುವ ಹೊಸ ಒಡಂಬಡಿಕೆಯನ್ನು ರೊಬೇರ್ ಎಸ್ತಿಯೆನ್ ಅಚ್ಚು ಹಾಕಿದ್ದು 1551ರಲ್ಲಿ. ಅಂದರೆ ಈ ಬಾರ್ಬಾಗಳಿಗೆ ನಂಬರ್ ಹಾಕಿದ ಬಿಡಿ ವಚನ ಅನ್ನುವುದೇ ಇರಲಿಲ್ಲ. ಕಲಿತರೆ ಇಡೀ ಅಧ್ಯಾಯ. ನಮ್ಮದು ಹಾಗಲ್ಲ. ನಿಮಗೆ ಒಳ್ಳೆಯ ನಾಳೆ ಇದೆ ಅಂತ ದೇವರು ಹೇಳುವ ಯೆರೆಮೀಯ 29:11 ಯಾರಿಗೆ ಬಾಯಿಗೆ ಬರಲ್ಲ ಹೇಳಿ? ಕ್ಯಾಲೆಂಡರಿನಲ್ಲಿ, ಕಾರಿನ ಗಾಜಿನ ಮೇಲೆ, ಎಲ್ಲಾ ಕಡೆ ಅದೇ. ಅದರ ಹಿಂದಿನ ವಚನದಲ್ಲಿ ಬಾಬೆಲಿನಲ್ಲಿ 70 ವರ್ಷ ಕಳೆಯಬೇಕು ಅಂತ ಇದೆ. ಅದು ಮಾತ್ರ ಯಾರಿಗೂ ಬೇಡ. ಬಾಯಿಪಾಠ ಬೇಡ ಅನ್ನುತ್ತಿಲ್ಲ. ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ಕೂತಾಗ "ಯೆಹೋವನು ನನಗೆ ಕುರುಬನು" ಅಂತ ತಾನಾಗಿ ಬಾಯಿಗೆ ಬರುವುದರ ಬೆಲೆ ನನಗೂ ಗೊತ್ತು. ಆದರೆ ಅದೇ ಕೀರ್ತನೆಯಲ್ಲಿ ಕತ್ತಲ ಕಣಿವೆಯೂ ಇದೆ. ಅಲ್ಲಿವರೆಗೂ ಕಲಿತವನಿಗೆ ಆ ಕಾರಿಡಾರಿನಲ್ಲಿ ಆಸರೆ ಇನ್ನೂ ಗಟ್ಟಿ.

ಇಳಿಯುವಾಗ ಶಾನ್‌ಫೊರಾನ್‌ನ ಸ್ಮಾರಕದ ಹತ್ತಿರ ನಿಂತೆವು. 1532ರಲ್ಲಿ ಇಲ್ಲಿ ಸೇರಿದ ಸಭೆ ಫ್ರೆಂಚ್ ಬೈಬಲ್ ಅಚ್ಚು ಹಾಕಿಸಲು ತೀರ್ಮಾನಿಸಿತು. ಖರ್ಚೂ ಇವರದೇ. 1535ರಲ್ಲಿ ಅದು ಹೊರಬಂತು. ಅಷ್ಟು ಬಾಯಿಗೆ ಬರುತ್ತಿದ್ದವರೂ ಪುಸ್ತಕಕ್ಕೆ ದುಡ್ಡು ಸುರಿದರಲ್ಲ ಅಂತ ಅಣ್ಣನಿಗೆ ಆಶ್ಚರ್ಯ.

ದೊಡ್ಡಮ್ಮನ ಲೆಕ್ಕ ಬೇರೆಯೇ ನಡೆದಿತ್ತು. "ಈ ಸಲ ಸಂಡೇ ಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ವಾಕ್ಯ ಕೊಡಲ್ಲ. ಮತ್ತಾಯ ಐದನೇ ಅಧ್ಯಾಯ, 48 ವಚನ, ಪೂರ್ತಿ. ಪ್ರೈಜ್ ನಿನ್ನ ಖರ್ಚು."

"ಆಯ್ತು ದೊಡ್ಡಮ್ಮ," ಅಂದೆ.

"ಪ್ರೈಜ್ ಕೊಡುವವರೂ ಒಪ್ಪಿಸಬೇಕು," ಅಂದರು.