ಕೊನೆಯಲ್ಲಿ ನಡೆಯುವವರು ಯಾರು?

ಈ ಭಾನುವಾರ ಬೆಳಿಗ್ಗೆ ಆರಕ್ಕೆ ಮಧುಗಿರಿ ಬೆಟ್ಟದ ಬುಡದಲ್ಲಿ ಹನ್ನೊಂದು ಜನ ಹೊಸ ವಾಲಂಟಿಯರ್‌ಗಳ ಜೊತೆ ನಿಂತಿದ್ದೆ. ಹೈಸ್ಕೂಲ್ ಮಕ್ಕಳನ್ನು ಬೆಟ್ಟ ಹತ್ತಿಸಿ ಇಳಿಸುವ ಕೆಲಸ ಕಲಿಯೋಕೆ ತುಮಕೂರಿನಿಂದ ಬಂದವರು. "ಮುಂದೆ ಯಾರು ಹೋಗ್ತೀರಿ?" ಅಂದೆ, ಎಂಟು ಕೈ ಎದ್ದವು. "ಕೊನೆಯಲ್ಲಿ?" ಅಂದೆ. ಎಲ್ಲರೂ ಬೆಟ್ಟ ನೋಡೋಕೆ ಶುರು ಮಾಡಿದರು.

ನಮ್ಮ ಕಡೆ ಕುರಿ ಮೇಯಿಸುವವರು ಮಂದೆಯ ಹಿಂದೆ ನಡೆಯುತ್ತಾರೆ. ಕುಂಟುವ ಕುರಿ, ಎಳೆ ಮರಿ ಎಲ್ಲ ಹಿಂದೆ ತಾನೇ ಉಳಿಯೋದು? ನನಗೂ ಈ ಬುದ್ಧಿ ಮೊದಲೇ ಇರಲಿಲ್ಲ. ಕೆಲವು ವರ್ಷದ ಹಿಂದೆ ಕೋಲಾರದ ಅಂತರಗಂಗೆಗೆ 23 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಹಿಂದೆ ನಡೆಯಬೇಕಾದವನು ನಾನು. ಒಂದು ಫೋಟೋ ತೆಗೆಯೋಣ ಅಂತ ಸುಮ್ನೆ ಮುಂದೆ ಓಡಿದೆ, ಆಮೇಲೆ ಮುಂದೆಯೇ ಉಳಿದುಬಿಟ್ಟೆ. ಮೇಲೆ ತಲೆ ಎಣಿಸಿದೆವು, ಸರಿಯಾಗಿ 23. ಕೆಳಗೆ ಬಸ್ಸಿಗೆ ಹತ್ತಿಸುವಾಗ 22! ಮೇಲೆ ಎಣಿಸಿದಾಗ ಬೇರೆ ಯಾವುದೋ ಗುಂಪಿನ ಹುಡುಗನೊಬ್ಬ ನಮ್ಮವರ ಮಧ್ಯೆ ಕೂತು ಚುರುಮುರಿ ತಿನ್ನುತ್ತಿದ್ದನಂತೆ, ಅವನೂ ಲೆಕ್ಕಕ್ಕೆ ಸೇರಿದ್ದ. ನಮ್ಮ ಹುಡುಗ ಅರ್ಧ ದಾರಿಯಲ್ಲಿ, ಶೂ ಅಡಿ ಕಿತ್ತುಬಂದು, ಅದನ್ನು ಲೇಸಿನಿಂದ ಸುತ್ತಿ ಕಟ್ಟುತ್ತಾ ಬಂಡೆಯ ಹಿಂದೆ ಕೂತಿದ್ದ. ಸಿಕ್ಕಿದಾಗ ಅವನು ಅಳುತ್ತಿರಲಿಲ್ಲ, ನನಗೇ ಕಾಲು ನಡುಗುತ್ತಿತ್ತು.

ಈಗ ನಾವು ಬರೀ ತಲೆ ಎಣಿಸಲ್ಲ. ಪ್ರತಿ ಮಗುವಿಗೂ ಒಬ್ಬ ಜೋಡಿ, ಒಂದು ನಂಬರು. ನಿಂತ ಕಡೆಯೆಲ್ಲ ನಂಬರು ಕೂಗಬೇಕು, ಜೋಡಿ ಕಾಣದಿದ್ದರೆ ಆಗಲೇ ಹೇಳಬೇಕು. ಕೊನೆಯಲ್ಲಿ ನಡೆಯುವವರಿಗಿಂತ ಹಿಂದೆ ಯಾರೂ ಉಳಿಯುವ ಹಾಗಿಲ್ಲ, ವಾಲಂಟಿಯರ್ ಆದರೂ ಸರಿ.

ತರಬೇತಿ ಅಂದರೆ ಹಗ್ಗದ ಗಂಟು ಕಲಿಸುತ್ತೇವೆ ಅಂದುಕೊಂಡು ಬರುವವರೇ ಜಾಸ್ತಿ. ನಾನು ಮೊದಲು ಕೇಳುವುದು ಮಕ್ಕಳು ಎಲ್ಲಿ ಮೂತ್ರಕ್ಕೆ ಹೋಗುತ್ತಾರೆ ಅಂತ. ನಗುತ್ತಾರೆ. ಆದರೆ ಹುಡುಗಿಯರು ಈ ಒಂದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯಲ್ಲ, ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುತ್ತದೆ, ಹತ್ತು ಗಂಟೆಗೆ ಬಂಡೆ ಕಾಯುವ ಹೊತ್ತಿಗೆ ತಲೆನೋವು, ವಾಂತಿ, ಕಣ್ಣು ಕತ್ತಲೆ, ಆಮೇಲೆ ನಾವು "ಬೆಳಿಗ್ಗೆ ತಿಂಡಿ ತಿಂದಿಲ್ಲ ಅನ್ಸುತ್ತೆ" ಅಂತ ಗ್ಲೂಕೋಸ್ ಬಿಸ್ಕತ್ತು ಕೊಡುತ್ತಾ ನಿಲ್ಲುತ್ತೇವೆ. ಈಗ ಇಬ್ಬರು ಅಕ್ಕಂದಿರು ಇಲ್ಲದೆ ಹುಡುಗಿಯರ ಗುಂಪು ಹೊರಡಲ್ಲ. ಎಲ್ಲಿ ಮರೆ ಇದೆ ಅಂತ ಅವರು ಮುಂಚೆಯೇ ನೋಡಿಟ್ಟಿರುತ್ತಾರೆ. ಒಂದು ಹಳೇ ಸೀರೆ, ಪ್ಯಾಡು, ಪೇಪರ್ ಕವರು ಅವರ ಚೀಲದಲ್ಲಿ. ಆ ಸೀರೆ ಬಂದ ಮೇಲೆ ತಲೆಸುತ್ತು ಎಷ್ಟೋ ಕಡಿಮೆಯಾಗಿದೆ.

ಇನ್ನು ಹೆಜ್ಜೇನು. ಊರಿನ ಹೆಸರಲ್ಲೇ ಮಧು ಇದೆ, ಹುಷಾರಾಗಿರಬೇಕು ಅಲ್ವಾ? ಜೇನೆದ್ದರೆ ಮುಖ ಮುಚ್ಚಿಕೊಂಡು ಓಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಡಿದಾದ ಬಂಡೆಯ ಮೇಲೆ ಓಡುವುದು ಎಲ್ಲಿಗೆ? ಅದಕ್ಕೇ ಮಕ್ಕಳಿಗಿಂತ ಮುಂಚೆ ಒಬ್ಬರು ಹೋಗಿ ಬಂಡೆಯ ಚಾಚುಗಳಲ್ಲಿ ಜೇನುಹುಟ್ಟಿ ಇದೆಯಾ ನೋಡಬೇಕು. ಸೆಂಟು, ಕೂಗಾಟ, ಹೊಗೆ ಯಾವುದೂ ಬೇಡ. ಕಚ್ಚಿದರೆ ಮುಳ್ಳನ್ನು ತಡಮಾಡದೆ ತೆಗೆಯಿರಿ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದರೆ ಮುಲಾಮು ಹಚ್ಚುತ್ತಾ ಕೂರಬೇಡಿ, 108.

ಹಾವಿನ ವಿಷಯದಲ್ಲಿ ದೊಡ್ಡವರಿಗೆ ಮರೆಸುವುದೇ ಕಷ್ಟ. ಹನ್ನೊಂದರಲ್ಲಿ ಐದು ಜನ ಕರ್ಚೀಫು ಬಿಗಿಯಾಗಿ ಕಟ್ಟಬೇಕು ಅಂದರು. ಕಟ್ಟಬಾರದು, ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು. ಕಚ್ಚಿದ ಕಾಲು ಅಲುಗದ ಹಾಗೆ ನೋಡಿಕೊಂಡು, ಮಗುವನ್ನು ನಡೆಸದೆ ಹೊತ್ತು ಇಳಿಸಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆ ಅಂತ ಹೊರಡುವ ಹಿಂದಿನ ದಿನವೇ ಕೇಳಿಟ್ಟುಕೊಂಡಿರಬೇಕು. ಉಬ್ಬಸ ಇರುವ ಮಗುವಿನ ಪಂಪು ಅದರ ಜೇಬಿನಲ್ಲೇ ಇರಬೇಕು, ಬಸ್ಸಿನಲ್ಲಿ ಅಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಇಬ್ಬರನ್ನು ಚೀಟಿ ಬರೆದುಕೊಟ್ಟು ಕೆಳಗೆ ಕಳಿಸಿ. ಬಾಯಲ್ಲಿ ಹೇಳಿ ಕಳಿಸಿದ್ದು ಬುಡ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಎಷ್ಟು ಕಲಿಸಿದರೂ ಬಾರದ್ದು ಒಂದಿದೆ, ವಾಪಸ್ ತಿರುಗುವುದು. ಇನ್ನೇನು ತುದಿ ಬಂತು ಅಂದಾಗ ಬೇಡ ಅನ್ನೋಕೆ ದೊಡ್ಡವರಿಗೇ ನಾಚಿಕೆ. ಹೋದ ವರ್ಷ ತರಬೇತಿ ಮುಗಿಸಿದ ಹುಡುಗಿಯೊಬ್ಬಳಿಗೆ, ವಯಸ್ಸು ಇಪ್ಪತ್ತೆರಡು, ಇದೇ ಬೆಟ್ಟದಲ್ಲಿ ಮೊದಲ ಸಲ ಗುಂಪು ಒಪ್ಪಿಸಿದ್ದೆ. ಅರ್ಧ ಏರುವಷ್ಟರಲ್ಲಿ ನಾಲ್ಕು ಹನಿ ಬಿತ್ತು. ಮೇಲಿನದು ಬಂಡೆಯಲ್ಲೇ ಕೊರೆದ ಮೆಟ್ಟಿಲು, ಒದ್ದೆಯಾದರೆ ಸೋಪು ಹಚ್ಚಿದ ಹಾಗೆ. ಅವಳು "ಇಳಿಯೋಣ" ಅಂದಳು. ಮಕ್ಕಳು ಗೋಗರೆದರು, ಜೊತೆಗೆ ಬಂದಿದ್ದ ಮೇಷ್ಟ್ರು "ಇಷ್ಟಕ್ಕೆಲ್ಲ ಯಾಕಮ್ಮಾ?" ಅಂದರು. ಅವಳು ನನ್ನ ಮುಖ ನೋಡಿದಳು, ನಾನು ಬೇಕಂತಲೇ ಬಾಟಲಿ ಮುಚ್ಚಳ ತಿರುಗಿಸುತ್ತಾ ನಿಂತೆ. ಇಳಿಸಿದಳು. ಕೆಳಗೆ ಬಂದಾಗ ಚುರ್ರನೆ ಬಿಸಿಲು, ಆ ದಿನ ಮಳೆ ಬರಲೇ ಇಲ್ಲ. ಕೊರಟಗೆರೆ ದಾಟುವವರೆಗೂ ಮಕ್ಕಳು ಅವಳ ಜೊತೆ ಮಾತು ಬಿಟ್ಟಿದ್ದರು.

ಮುಂದಿನ ಬ್ಯಾಚನ್ನೂ ಅವಳಿಗೇ ಕೊಟ್ಟೆ.