ನೇತ್ರಾಣಿಯಲ್ಲಿ ಒಂದು ಜಗಳ

13 ಜನವರಿ 2024, ಶನಿವಾರ ರಾತ್ರಿ, ಮುರುಡೇಶ್ವರ

ಕಿವಿಯಲ್ಲಿ ಇನ್ನೂ ನೀರಿದೆ. ಲಾಡ್ಜಿನ ಮಂಚ ದೋಣಿಯ ಹಾಗೆ ತೂಗುತ್ತಿದೆ. ಇವರು ಆಗಲೇ ಗೊರಕೆ ಶುರು ಮಾಡಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಗುರುತು ಪರಿಚಯ ಇಲ್ಲದವರ ಮೇಲೆ ರೇಗಿಬಿಟ್ಟೆ. ಅದೇ ತಲೆಯಲ್ಲಿ ಕೂತಿದೆ.

ಈ ತಿಂಗಳ ಮೊದಲ ವಾರ ಪ್ರಧಾನಿಯ ಲಕ್ಷದ್ವೀಪ ಪ್ರವಾಸದ ಫೋಟೋಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವಲ್ಲ, ಆಮೇಲೆ ಎಲ್ಲರಿಗೂ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ, ಅಂದರೆ ಸ್ಕೂಬಾ ಡೈವಿಂಗ್ ಮಾಡುವ ಆಸೆ. ದೋಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೆಚ್ಚಿನವರು ಮೊದಲ ಸಲ ಇಳಿಯುವವರು. ಅಂಥವರ ಸಿಲಿಂಡರ್ ಹಿಡಿದುಕೊಂಡು ಒಬ್ಬ ಬೋಧಕ ಜೊತೆಗೇ ಇರುತ್ತಾನೆ. ಹಾಗಾಗಿ ಅವರು ಜಾಸ್ತಿ ಹಾನಿ ಮಾಡಲಾರರು. ಹಾನಿ ನಮ್ಮಂಥವರದ್ದು. ಡೈವಿಂಗ್ ಕಲಿತದ್ದಕ್ಕೆ ಕಾರ್ಡ್ ಸಿಕ್ಕಿದೆ, ಬಿಟ್ಟರೆ ನಾವೇ ಈಜುತ್ತೇವೆ, ಆದರೆ ಕಾಲು ಎಲ್ಲಿದೆ ಅಂತ ನಮಗೇ ಗೊತ್ತಿರುವುದಿಲ್ಲ. ನಾವು ನಾಲ್ಕು ಜನ ಹೀಗೆ, ನಮಗೆ ಒಬ್ಬ ಗೈಡ್.

ದಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿ.ಮೀ. ಒಂದೂವರೆ ಗಂಟೆ ದೋಣಿ. 123 ಅಡಿಯ ಶಿವ ಹಿಂದೆ ಹಿಂದೆ ಸರಿದು ಹೆಬ್ಬೆರಳಿನಷ್ಟಾದ. ಶುಂಠಿ ಮಿಠಾಯಿ ಚೀಪುತ್ತಾ ಕೂತೆ, ವಾಂತಿ ಆಗಲಿಲ್ಲ. ಪಕ್ಕದವರಿಗೆ ಆಯಿತು. ದ್ವೀಪದ ಬಂಡೆಗಳು ಹತ್ತಿರವಾದಾಗ ಬಿಳಿಹೊಟ್ಟೆಯ ಸಮುದ್ರ ಹದ್ದು ಒಂದು ಸುತ್ತು ಹಾಕಿತು. ಹಿಂದೆ ನೌಕಾಪಡೆ ಈ ದ್ವೀಪಕ್ಕೆ ಗುರಿಯಿಟ್ಟು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿತ್ತು. ಅದನ್ನೆಲ್ಲ ತಡೆದುಕೊಂಡ ಜಾಗಕ್ಕೆ ಈಗ ನಾವು ಬಂದಿದ್ದೇವೆ, ಸೆಲ್ಫಿ ಕೋಲು ಹಿಡಿದುಕೊಂಡು.

ಮೊದಲ ಡೈವ್. 11 ಮೀಟರ್ ಆಳ. ನೀರು ತಿಳಿಯಾಗಿತ್ತು. ಬಂಡೆಯ ಸಂದಿನಲ್ಲಿ ಹಾವಿನಂಥ ಮೀನು, ಒಂದು ಮೊರೆ ಈಲ್, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅದು ಹೆದರಿಸುವುದಲ್ಲ, ಉಸಿರಾಡುವ ರೀತಿಯೇ ಹಾಗೆ. ಗಿಳಿಮೀನುಗಳು ಬಂಡೆ ಕೆರೆಯುವ ಶಬ್ದ ಕೇಳುತ್ತಿತ್ತು, ಕರುಕುರು ಅಂತ, ಯಾರೋ ಪಕ್ಕದಲ್ಲಿ ಕುಳಿತು ಚಕ್ಕುಲಿ ತಿಂದ ಹಾಗೆ. ಈ ಶಬ್ದಕ್ಕಾಗಿಯೇ ನಾನು ಶಿವಮೊಗ್ಗದಿಂದ ಘಟ್ಟ ಇಳಿದು ಬರುವುದು.

ಆಗ ಕಂಡರು ಕೆಂಪು ಫಿನ್‌ನವರು. ಫಿನ್ ಅಂದರೆ ಈಜಲು ಕಾಲಿಗೆ ಹಾಕಿಕೊಳ್ಳುವ ರೆಕ್ಕೆ. ನಮ್ಮ ನಾಲ್ವರಲ್ಲೇ ಒಬ್ಬರು. ಕೈಯಲ್ಲಿ ಕ್ಯಾಮೆರಾ, ಕೈಗೆ ಗವಸು. ಗವಸು ಇದ್ದರೆ ಮುಟ್ಟುವ ಧೈರ್ಯ ತಾನಾಗಿ ಬರುತ್ತದೆ. ಕೆಲವು ದೇಶಗಳ ಹವಳ ತಾಣಗಳಲ್ಲಿ ಗವಸು ಹಾಕಲು ಬಿಡದಿರುವುದು ಇದಕ್ಕೇ. ಅವರು ಒಂದು ಪಫರ್ ಮೀನನ್ನು ಬಂಡೆಯ ಮೂಲೆಗೆ ಒತ್ತರಿಸಿ ಕ್ಯಾಮೆರಾ ಕೋಲಿನಿಂದ ತಿವಿಯುತ್ತಿದ್ದರು. ಎರಡು ಸಲ ತಿವಿದ ಮೇಲೆ ಅದು ಉಬ್ಬಿತು. ತೆಂಗಿನಕಾಯಿಯಷ್ಟಾಯಿತು. ಪಾಪ, ಆ ಗಾತ್ರಕ್ಕೆ ಅದರ ಪುಟ್ಟ ರೆಕ್ಕೆ ಯಾವ ಮೂಲೆಗೆ? ತಿರುಗಲೂ ಆಗದೆ ನಿಂತಲ್ಲೇ ಪಟಪಟ ಬಡಿಯುತ್ತಿತ್ತು. ಕೆಂಪು ಫಿನ್‌ನವರು ವಿಡಿಯೋ ಮಾಡುತ್ತಲೇ ಇದ್ದರು. ಮಾಡುವಾಗ ಮಂಡಿ ಊರಿದ್ದು ಹವಳದ ಮೇಲೆ.

ನನ್ನ ಸಿಲಿಂಡರ್ ತಟ್ಟಿ ಸದ್ದು ಮಾಡಿದೆ. ತಿರುಗಿ ನೋಡಿದರು. ಬೆರಳು ಆಡಿಸಿ ಬೇಡ ಬೇಡ ಅಂದೆ. ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಓಕೆ ಸನ್ನೆ ಮಾಡಿದರು. ನಾನು ಅವರ ಕ್ಷೇಮ ವಿಚಾರಿಸುತ್ತಿದ್ದೇನೆ ಅಂದುಕೊಂಡರೋ ಏನೋ! ಮತ್ತೆ ಬೆರಳು ಆಡಿಸಿದೆ. ಮತ್ತೆ ಓಕೆ.

ಹೋಗಿ ತೋಳು ಹಿಡಿದು ಎಳೆಯಬೇಕು ಅನಿಸಿತ್ತು. ಎಳೆಯಲಿಲ್ಲ. ಕಲಿಯುವಾಗ ನಮ್ಮ ಬೋಧಕರು ಹತ್ತು ಸಲ ಹೇಳಿದ್ದರು, ನೀರೊಳಗೆ ಯಾರನ್ನೂ ಸಿಟ್ಟಿನಿಂದ ಮುಟ್ಟಬೇಡಿ ಅಂತ. ಗಾಬರಿಯಾದವರು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಪುಪ್ಪುಸ ಹರಿಯಬಹುದು. ಮೀನಿನ ಪರ ವಹಿಸಲು ಹೋಗಿ ಮನುಷ್ಯನನ್ನು ಕೊಂದ ಹಾಗೆ ಆಗುತ್ತದೆ. ಗೈಡ್ ಕಡೆ ಈಜಿದೆ, ತೋರಿಸಿದೆ. ಆತ ನೋಡಿದ. ಕೈ ಬೀಸಿ ಎಲ್ಲರನ್ನೂ ಮುಂದಕ್ಕೆ ಕರೆದ, ಅಷ್ಟೇ.

ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಮೇಲೆ ಬಂದೆ. ಮಾಸ್ಕ್ ತೆಗೆಯುವ ಮೊದಲೇ ಬಾಯಿ ಬಿಟ್ಟೆ. "ಏನ್ರೀ, ಬುದ್ಧಿ ಇಲ್ವಾ ನಿಮಗೆ? ಆ ಮೀನು ನಿಮ್ಮ ಮನೆ ಬಲೂನಾ?" ಹವಳ ಅಂದರೆ ಜೀವ ಅಂತ ಗೊತ್ತಾ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿಯ ಸಾಲಿನಲ್ಲೇ ಬರುತ್ತೆ ಗೊತ್ತಾ, ಜೈಲಿಗೆ ಹೋಗಬೇಕಾ? ಹೇಳಿದ್ದೆಲ್ಲ ನಿಜವೇ. 2001ರಲ್ಲಿ ಹವಳವನ್ನು ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಆದರೆ ದೋಣಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಕೆಂಪು ಫಿನ್‌ನವರ ಜೊತೆ ಹೈಸ್ಕೂಲು ಮಗಳು ಬೇರೆ ಇದ್ದಳು. ಅವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು.

ಅವರು ಕೂಗಾಡಲಿಲ್ಲ. ಅದೇ ನನಗೆ ಕಷ್ಟವಾಯಿತು. "ಹೋದ ಸಲ ಬೇರೆ ಕಡೆ ಡೈವ್ ಮಾಡಿದಾಗ ಗೈಡೇ ಪಫರ್ ಹಿಡಿದು ನನ್ನ ಕೈಗೆ ಕೊಟ್ಟಿದ್ರು ಮೇಡಂ. ಎಲ್ಲರೂ ಫೋಟೋ ತೆಗೆಸಿಕೊಂಡ್ವಿ. ಹಾಗೇ ಮಾಡ್ತಾರೆ ಅಂದ್ಕೊಂಡೆ" ಅಂದರು.

ನನ್ನ ಬಾಯಿ ಕಟ್ಟಿತು. ಯಾಕಂದರೆ 2017ರಲ್ಲಿ, ನನ್ನ ಮೊಟ್ಟಮೊದಲ ಡೈವಿನಲ್ಲಿ, ನನ್ನ ಕೈಗೂ ಗೈಡ್ ಒಂದು ಸಮುದ್ರ ಸೌತೆ ಇಟ್ಟಿದ್ದ. ಆ ಫೋಟೋ ಎರಡು ವರ್ಷ ನನ್ನ ಪ್ರೊಫೈಲಿನಲ್ಲಿತ್ತು. ಸಮುದ್ರ ಸೌತೆಯೂ ಅದೇ ಮೊದಲ ಪಟ್ಟಿಯ ಜೀವಿ. ನನ್ನನ್ನು ಯಾರೂ ಜೈಲಿಗೆ ಕಳಿಸುತ್ತೇನೆ ಅನ್ನಲಿಲ್ಲ.

ಎರಡನೇ ಡೈವಿಗೆ ಒಂದು ಗಂಟೆ ಬಿಡುವಿತ್ತು. ಬಿಸ್ಕೆಟು, ಕಲ್ಲಂಗಡಿ ಹಣ್ಣು. ಗೈಡ್ ಪಕ್ಕ ಹೋಗಿ ಕೂತೆ. ಇಲ್ಲೇ ಹತ್ತಿರದ ಊರಿನ ಹುಡುಗ, ಅಪ್ಪನದು ಮೀನುಗಾರಿಕೆ. ಯಾಕೆ ಸುಮ್ನೆ ಇದ್ದೆ ಅಂತ ಕೇಳಿದೆ. ತಲೆ ಕೆರೆದುಕೊಂಡ. "ಬಂದವರಿಗೆ ವಿಡಿಯೋ ಚೆನ್ನಾಗಿ ಬರಬೇಕು ಅಕ್ಕ. ಬೇಡ ಅಂದ್ರೆ ಮುಖ ಸಣ್ಣ ಮಾಡ್ತಾರೆ, ಆಮೇಲೆ ಸ್ಟಾರ್ ಕಡಿಮೆ ಕೊಡ್ತಾರೆ." ಅವನದೂ ಹೊಟ್ಟೆಪಾಡು. ನಾನು ಒಂದೇ ಮಾತು ಕೇಳಿದೆ: "ಇಳಿಯೋ ಮೊದಲು ನೀನೇ ಎಲ್ಲರಿಗೂ ಹೇಳು. ನಾನು ಹೇಳಿದ್ರೆ ಜಗಳ, ನೀನು ಹೇಳಿದ್ರೆ ರೂಲ್ಸು." ನಕ್ಕ.

ಅವನೇ ಇನ್ನೊಂದು ವಿಷಯ ಹೇಳಿದ. ನನಗೆ ಹೊಳೆದಿರಲಿಲ್ಲ. ಕೆಂಪು ಫಿನ್‌ನವರ ಸೊಂಟದಲ್ಲಿ 8 ಕೆಜಿ ಸೀಸ ಇತ್ತಂತೆ. ಹೊಸಬರು ಬೇಗ ಮುಳುಗಲಿ ಅಂತ ತೂಕ ಜಾಸ್ತಿ ಹಾಕಿಬಿಡುತ್ತಾರೆ. ಅಷ್ಟು ತೂಕಕ್ಕೆ ಕಾಲು ಕೆಳಗಾಗಿ ನಿಲ್ಲುತ್ತದೆ. ನಿಂತವರು ಈಜಿದರೆ ಫಿನ್ ನೆಲಕ್ಕೇ ಬಡಿಯುತ್ತದೆ. ಮಂಡಿ ಊರದೆ ಬೇರೆ ದಾರಿಯೇ ಇರುವುದಿಲ್ಲ. ನಾನು ಸೊಕ್ಕು ಅಂದುಕೊಂಡಿದ್ದರಲ್ಲಿ ಅರ್ಧ ಸೀಸದ ತೂಕ! ಎರಡು ಕೆಜಿ ತೆಗೆಸಿದ. ನನ್ನದನ್ನೂ ನೋಡಿ ಒಂದು ತೆಗೆದ. ನನಗೆ ಸ್ವಲ್ಪ ಅವಮಾನವಾಯಿತು.

ಇಳಿಯುವ ಮೊದಲು ಎರಡು ನಿಮಿಷ ಮಾತಾಡಿದ. ಮುಟ್ಟಬೇಡಿ, ಆಮೆ ಕಂಡರೆ ಬೆನ್ನು ಹತ್ತಬೇಡಿ, ಅದು ಉಸಿರಾಡಲು ಮೇಲೆ ಹೋಗಲೇಬೇಕು, ದಾರಿ ಬಿಡಿ. ನಾನು ಮುಷ್ಟಿ ತೋರಿಸಿದರೆ ಕೈ ಕಟ್ಟಿಕೊಳ್ಳಿ ಅಂದ. ನೀರೊಳಗೆ ಮೂರು ಸಲ ಮುಷ್ಟಿ ತೋರಿಸಿದ. ಕೆಂಪು ಫಿನ್‌ನವರು ಲಯನ್ ಫಿಶ್ ಎದುರು ಎರಡು ಮಾರು ದೂರದಲ್ಲಿ ಕೈ ಕಟ್ಟಿ ತೇಲುತ್ತಿದ್ದರು, ದೇವರ ಮುಂದೆ ನಿಂತ ಹಾಗೆ. ನಮ್ಮ ಗುಂಪಿನ ಇನ್ನೊಬ್ಬರು ಮಾತ್ರ ಹವಳದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡಿದ್ದರು. ಮೇಲೆ ಬಂದ ಮೇಲೆ ಗೈಡ್ ನೋಡಿ ವಾಪಸ್ ನೀರಿಗೆ ಹಾಕಿಸಿದ. ಸತ್ತ ಚೂರಲ್ವಾ ಅಂತ ಅವರ ವಾದ. ಕಾಯ್ದೆಗೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ.

ಕೆಂಪು ಫಿನ್‌ನವರ ಹತ್ತಿರ ಸಾರಿ ಕೇಳಬೇಕು ಅಂದುಕೊಂಡೆ. ದಡ ಬಂತು, ಗಡಿಬಿಡಿಯಲ್ಲಿ ಹೋದರು.

15 ಜನವರಿ 2024, ಸೋಮವಾರ, ಶಿವಮೊಗ್ಗ

ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುತ್ತಾ ಅಮ್ಮ ತಟ್ಟೆ ಮುಂದೆ ಹಿಡಿದರು. ಶನಿವಾರಕ್ಕೇ ಕೊಡಬಾರದಿತ್ತಾ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಡೈವಿನವರು ವಾಟ್ಸಾಪ್ ಗುಂಪು ಮಾಡಿ ವಿಡಿಯೋಗಳನ್ನು ಹಾಕಿದ್ದಾರೆ. ನೋಡುತ್ತಾ ಕೂತೆ. ಮೊದಲ ಡೈವಿನ ಹದಿನಾಲ್ಕನೇ ನಿಮಿಷ: ನೀಲಿ ಫಿನ್ ಹಾಕಿದ ಒಬ್ಬರು ಜೋರಾಗಿ ಗೈಡ್ ಕಡೆ ಈಜುತ್ತಿದ್ದಾರೆ. ಅವರ ಎಡಗಾಲಿನ ಫಿನ್ ಒಂದು ದುಂಡನೆಯ ಹವಳಕ್ಕೆ ರಪ್ಪನೆ ಹೊಡೆದು, ಬಿಳಿ ಪುಡಿ ಮೇಲೇಳುತ್ತದೆ. ನೀಲಿ ಫಿನ್ ನನ್ನದು. ದೂರು ಹೇಳಲು ಹೋಗುತ್ತಿದ್ದೆ! ಆ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು.

ಆಮೇಲೆ ಸ್ವಲ್ಪ ಓದಿದೆ. ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ ಸಂಶೋಧಕರು ಡೈವರ್‌ಗಳ ಹಿಂದೆ ಅವರಿಗೆ ಗೊತ್ತಾಗದ ಹಾಗೆ ಈಜಿ ಲೆಕ್ಕ ಬರೆದುಕೊಂಡಿದ್ದರು. 2004ರಲ್ಲಿ ಅದು ಪ್ರಕಟವಾಯಿತು. ಹವಳಕ್ಕೆ ತಗುಲುವುದು ಹೆಚ್ಚಾಗಿ ಫಿನ್. ಕ್ಯಾಮೆರಾ ಇದ್ದವರು ಜಾಸ್ತಿ ತಗುಲಿಸುತ್ತಾರೆ. ಇಳಿಯುವ ಮೊದಲು ಒಂದು ಮಾತು ಹೇಳಿದ್ದರಿಂದ ಅಲ್ಲಿ ವ್ಯತ್ಯಾಸವಾಗಲಿಲ್ಲ. ನೀರೊಳಗೆ ಗೈಡ್ ಕಂಡ ತಕ್ಷಣ ತಡೆದರೆ ಮಾತ್ರ ಕಡಿಮೆಯಾಯಿತು. ಅಂದರೆ ನಮ್ಮ ಹುಡುಗನ ಎರಡು ನಿಮಿಷದ ಭಾಷಣಕ್ಕಿಂತ ಆ ಮೂರು ಮುಷ್ಟಿಗಳೇ ಕೆಲಸ ಮಾಡಿದ್ದಿರಬೇಕು. ಅವನಿಗೆ ಐದು ಸ್ಟಾರ್ ಹಾಕಿದೆ. ಯಾಕೆ ಅಂತಲೂ ಬರೆದೆ: ಮುಟ್ಟಲು ಬಿಡಲಿಲ್ಲ, ಅದಕ್ಕೇ ಈ ಐದು. ಅವನ ಧಣಿ ಓದುತ್ತಾರಲ್ವಾ.

ಕೆಂಪು ಫಿನ್‌ನವರಿಗೆ ನನ್ನ ಫಿನ್ನಿನ ಆ ತುಣುಕನ್ನೇ ಕಳಿಸಿದೆ. "ಅವತ್ತು ಮಗಳ ಮುಂದೆ ಹಾಗೆ ಕೂಗಬಾರದಿತ್ತು. ಇದು ನನ್ನ ಸಾಧನೆ, ನೋಡಿ" ಅಂತ ಬರೆದೆ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಒಂದು ನಗುವ ಮುಖ ಬಂತು. ಅದರ ಹಿಂದೆಯೇ ಒಂದು ಪ್ರಶ್ನೆ: "ಮಗಳು ಕೇಳ್ತಿದ್ದಾಳೆ ಮೇಡಂ. ಆ ಪಫರ್ ಬದುಕಿದೆಯಾ?"

ಬದುಕಿರುತ್ತದೆ ಅಂತ ಹೇಳಿದೆ. ಉಬ್ಬಿದಾಗ ಅದು ಉಸಿರು ಕಟ್ಟಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಅಳತೆ ಮಾಡಿ ನೋಡಿದ್ದಾರೆ, ಆಗ ಅದು ಇನ್ನೂ ಜಾಸ್ತಿ ಉಸಿರಾಡುತ್ತದೆ. ಆದರೆ ಸುಸ್ತು ಪೂರ್ತಿ ಇಳಿಯಲು ಸರಾಸರಿ ಐದೂವರೆ ಗಂಟೆ ಬೇಕಾಗಿತ್ತಂತೆ. ನಾವು ಅದನ್ನು ಬಿಟ್ಟು ಬಂದಾಗ ಬೆಳಗಿನ ಹತ್ತೂವರೆ. ನಾವು ದಡಕ್ಕೆ ಬಂದು ಮೀನೂಟ ಮುಗಿಸಿ ಕೈ ತೊಳೆದಾಗಲೂ ಅದು ಬಂಡೆಯ ಸಂದಿನಲ್ಲಿ ಸುಧಾರಿಸಿಕೊಳ್ಳುತ್ತಲೇ ಇತ್ತೇನೋ.

ಇದನ್ನೂ ಮಗಳಿಗೆ ಹೇಳಿ ಅಂತ ಬರೆದೆ. ಎರಡು ನೀಲಿ ಗೆರೆ ಬಿದ್ದಿವೆ.